ಸಹಿ ಹಾಕುವ ಕೈಗೆ ಹೊಣೆಯಿಲ್ಲವೇ?

ಹಂಪಿಯ ಎದುರು ದಂಡೆಯಲ್ಲಿರುವ ವಿರೂಪಾಪುರಗಡ್ಡೆ ಗಂಗಾವತಿ ತಾಲೂಕಿನ ಗಡಿ ದಾಟಿ ನಾಡಿಗೆಲ್ಲ ಸುದ್ದಿಯಾದದ್ದು ಮುಖ್ಯವಾಗಿ ಎರಡು ಸಲ. 2019ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದಿಂದ ನೀರು ಹೊರಬಿಟ್ಟಾಗ ನೂರಾರು ಪ್ರವಾಸಿಗರು ಅಲ್ಲಿ ಸಿಲುಕಿದರು. ದೋಣಿ ಮತ್ತು ಹೆಲಿಕಾಪ್ಟರ್‌ಗಳ ಮೂಲಕ ಅವರನ್ನು ಹೊರತರಲಾಯಿತು. 2020ರ ಫೆಬ್ರವರಿಯಲ್ಲಿ ಅಲ್ಲಿನ ರೆಸಾರ್ಟ್‌ಗಳು ಅನಧಿಕೃತವೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಮಾರ್ಚ್ ತಿಂಗಳಲ್ಲಿ ಯಂತ್ರಗಳು ಬಂದು ಅವುಗಳನ್ನು ನೆಲಸಮ ಮಾಡಿದವು. ವಿಶ್ವ ಪರಂಪರೆಯ ತಾಣವೊಂದನ್ನು ಕಾಪಾಡಬೇಕೆಂಬುದರಲ್ಲಿ ನಮಗೆ ತಕರಾರಿಲ್ಲ. ಆದರೆ ಈ ಪ್ರಕರಣದಲ್ಲಿ ಯಾರೂ ಕೇಳದೆ ಉಳಿದ ಒಂದು ಪ್ರಶ್ನೆಯಿದೆ. ಮೊಕದ್ದಮೆ ನಡೆದದ್ದು ರೆಸಾರ್ಟ್‌ಗಳ ಮಾಲೀಕರು ಮತ್ತು ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರದ ನಡುವೆ. ಅಲ್ಲಿ ಪಾತ್ರೆ ತೊಳೆದ, ಹಾಸಿಗೆ ಹಾಸಿದ, ಅತಿಥಿಗಳ ಚೀಲ ಹೊತ್ತ ಕೈಗಳು ಯಾರ ಹೊಣೆಯಾಗಿದ್ದವು? ಕಾಗದದ ಮೇಲೆ ಇರಲೇಬಾರದಾಗಿದ್ದ ಒಂದು ಉದ್ಯಮದಲ್ಲಿ ದುಡಿದವನಿಗೆ ಕಾಗದದ ಮೇಲೆ ಮಾಲೀಕನೆಂಬುವನು ಎಲ್ಲಿಂದ ಬರಬೇಕು?

ಈ ಹಳೆಯ ಪ್ರಶ್ನೆಯನ್ನು ನಾವು ಇಂದು ಎತ್ತುತ್ತಿರುವುದಕ್ಕೆ ಕಾರಣವಿದೆ. ಹೊಣೆಗಾರರಿಲ್ಲದ ದುಡಿಮೆ ಇಂದು ಬಡ ಕೂಲಿಯವನ ಪಾಡಷ್ಟೇ ಆಗಿ ಉಳಿದಿಲ್ಲ. ನಾವು ಹೊಟ್ಟೆ ಬಟ್ಟೆ ಕಟ್ಟಿ ಓದಿಸುತ್ತಿರುವ ನಮ್ಮ ಮಕ್ಕಳ ಪದವಿಯೂ ಅದೇ ದಾರಿಯಲ್ಲಿ ಹಾದುಹೋಗುತ್ತಿದೆ. ಎಂ.ಬಿ.ಬಿ.ಎಸ್. ಮುಗಿಸಿದವರು ಹನ್ನೆರಡು ತಿಂಗಳು ಗೃಹವೈದ್ಯರಾಗಿ ದುಡಿಯಲೇಬೇಕು. ಎರಡು ವರ್ಷದ ಬಿ.ಎಡ್.ನಲ್ಲಿ ಹದಿನಾರು ವಾರ ಶಾಲೆಯೊಂದರಲ್ಲಿ ತರಬೇತಿ ಶಿಕ್ಷಕರಾಗಿರಬೇಕು. ನರ್ಸಿಂಗ್ ಓದುವ ಹೆಣ್ಣುಮಕ್ಕಳಿಗೆ ಆಸ್ಪತ್ರೆಯ ಪೋಸ್ಟಿಂಗ್, ಡಿಪ್ಲೊಮಾ ಮತ್ತು ಎಂಜಿನಿಯರಿಂಗ್ ಓದುವವರಿಗೆ ಕಾರ್ಖಾನೆ ಇಲ್ಲವೇ ಕಂಪನಿ, ಹೋಟೆಲ್ ಮ್ಯಾನೇಜ್‌ಮೆಂಟ್ ಓದುವವರಿಗೆ ಹೋಟೆಲು, ರೆಸಾರ್ಟು. ಇಂಟರ್ನ್‌ಶಿಪ್ ಎಂಬ ಪದ ಈಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಮೊಹಲ್ಲಾಗಳಲ್ಲಿಯೂ ಮನೆಮಾತಾಗಿದೆ. ಕೆಲಸದ ಸ್ಥಳದಲ್ಲಿಯೇ ಕಲಿಯುವುದು ಒಳ್ಳೆಯದು ಎಂಬುದನ್ನು ಒಪ್ಪದವರು ಯಾರೂ ಇಲ್ಲ. ಪುಸ್ತಕ ಓದಿ ಯಾರೂ ಸೂಜಿ ಚುಚ್ಚಲು ಕಲಿತಿಲ್ಲ. ನಮ್ಮ ಆಕ್ಷೇಪ ತರಬೇತಿಯ ಕುರಿತಲ್ಲ. ತರಬೇತಿಯ ಹೆಸರಿನಲ್ಲಿ ಮಕ್ಕಳನ್ನು ಗೇಟಿನ ಹೊರಗೆ ದಾಟಿಸಿ ಕೈತೊಳೆದುಕೊಳ್ಳುವ ಕಾಲೇಜುಗಳ ಕುರಿತು.

ತರಬೇತಿಗೆ ಹೋದ ವಿದ್ಯಾರ್ಥಿಯ ಸ್ಥಿತಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಕಾಲೇಜಿನ ದೃಷ್ಟಿಯಲ್ಲಿ ಅವಳು ಹೊರಗೆ ಹೋಗಿದ್ದಾಳೆ. ಆಸ್ಪತ್ರೆಯ ಅಥವಾ ಕಂಪನಿಯ ದೃಷ್ಟಿಯಲ್ಲಿ ಅವಳು ತಮ್ಮ ನೌಕರಳಲ್ಲ, ಕಾಲೇಜಿನವಳು. ಕೆಲಸ ಮಾತ್ರ ನೌಕರಳಷ್ಟೇ. ಕೆಲವೆಡೆ ಅದಕ್ಕಿಂತಲೂ ಹೆಚ್ಚು. ಸಂಬಳ ಪಡೆಯುವ ನೌಕರನಿಗೆ ಅನ್ಯಾಯವಾದರೆ ಆತ ಕೆಲಸ ಬಿಟ್ಟು ಬೇರೆ ಕಡೆ ಹೋಗಬಹುದು. ವಿದ್ಯಾರ್ಥಿಗೆ ಆ ಬಾಗಿಲೂ ಮುಚ್ಚಿದೆ. ಅವಳ ಹಾಜರಿ, ಲಾಗ್ ಬುಕ್ಕಿನ ಸಹಿ, ಕೊನೆಯ ಪ್ರಮಾಣಪತ್ರ, ಅಂಕಗಳು ಎಲ್ಲವೂ ಅಲ್ಲಿನ ಮೇಲ್ವಿಚಾರಕನ ಕೈಯಲ್ಲಿವೆ. ಬಿಟ್ಟು ಬಂದರೆ ವರ್ಷ ಹಾಳು. ಕಟ್ಟಿದ ಶುಲ್ಕ ಹಾಳು. ತಂದೆ ಮಾಡಿದ ಸಾಲ ಹಾಗೆಯೇ. ಹೀಗಾಗಿ ಊಟಕ್ಕೆ ಬಿಡುವು ಕೊಡದಿದ್ದರೂ, ಎರಡು ಪಾಳಿ ಒಟ್ಟಿಗೆ ಮಾಡಿಸಿದರೂ, ಹೇಳಬಾರದ ಮಾತನ್ನು ಆಡಿದರೂ ಅವಳು ತಲೆ ತಗ್ಗಿಸಿ ನಿಲ್ಲುತ್ತಾಳೆ. ಇದನ್ನು ಕೆಲವರು ಶಿಸ್ತು ಎನ್ನುತ್ತಾರೆ. ನಾವು ಇದನ್ನು ನಿಸ್ಸಹಾಯಕತೆ ಎನ್ನುತ್ತೇವೆ. ಒಬ್ಬನ ಭವಿಷ್ಯವನ್ನು ಇನ್ನೊಬ್ಬನ ಸಹಿಗೆ ಕಟ್ಟಿಹಾಕಿ, ಸಹಿ ಹಾಕುವವನ ಮೇಲೆ ಯಾವ ಹೊಣೆಯನ್ನೂ ಹೊರಿಸದ ವ್ಯವಸ್ಥೆಗೆ ಬೇರೆ ಹೆಸರಿಲ್ಲ.

ಇಬ್ಬರು ಹೊಣೆಗಾರರ ನಡುವೆ ವಿದ್ಯಾರ್ಥಿ ಹೇಗೆ ಅನಾಥನಾಗುತ್ತಾನೆ ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಉದಾಹರಣೆಯಿದೆ. 2020ರಲ್ಲಿ, ಕೊರೋನಾ ಕಾಲದಲ್ಲಿ, ದಾವಣಗೆರೆಯ ಜೆ.ಜೆ.ಎಂ. ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟು ಪಡೆದಿದ್ದ ಗೃಹವೈದ್ಯರು ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳು ಬಾಕಿ ಶಿಷ್ಯವೇತನಕ್ಕಾಗಿ ಧರಣಿ ಕೂತರು. ಬಾಕಿಯಿದ್ದದ್ದು ಒಂದೆರಡು ತಿಂಗಳದ್ದಲ್ಲ, ಹದಿನಾರು ತಿಂಗಳದ್ದು. ಕಾಲೇಜೇ ಕೊಡಬೇಕೆಂದು ಸರ್ಕಾರ, ಸರ್ಕಾರವೇ ಕೊಡಬೇಕೆಂದು ಕಾಲೇಜು. ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ರೋಗಿಗಳ ಬಳಿ ನಿಂತಿದ್ದವರಿಗೆ ತಮ್ಮ ಹಣಕ್ಕಾಗಿ ಬೀದಿಯಲ್ಲಿ ಕೂರುವ ಗತಿ ಬಂದಿತು. ಅವರನ್ನು ಸಾರ್ವಜನಿಕರು ಹೂಮಳೆಗರೆದು ಯೋಧರೆಂದು ಹೊಗಳುತ್ತಿದ್ದ ದಿನಗಳವು! ವೈದ್ಯರಾಗಲಿರುವ, ಸಂಘಟನೆಯಿರುವ, ಪತ್ರಿಕೆಗಳ ಗಮನ ಸೆಳೆಯಬಲ್ಲ ವಿದ್ಯಾರ್ಥಿಗಳ ಪಾಡೇ ಇದಾದರೆ, ಸಣ್ಣ ಊರಿನ ನರ್ಸಿಂಗ್ ಹೋಮಿನಲ್ಲಿ ಒಂಟಿಯಾಗಿ ರಾತ್ರಿ ಪಾಳಿ ಮಾಡುವ ಹದಿನೆಂಟರ ಹುಡುಗಿಯ ಪಾಡನ್ನು ಕೇಳುವವರಾರು?

ಕಾಲೇಜುಗಳು ಹೇಳುವ ಮೊದಲ ಸಬೂಬು, ಅದು ಹೊರಗಿನ ಸಂಸ್ಥೆ, ಅಲ್ಲಿ ನಡೆದದ್ದಕ್ಕೆ ನಾವು ಜವಾಬ್ದಾರರಲ್ಲ ಎಂಬುದು. ಇದು ಸುಳ್ಳು. ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಲೈಂಗಿಕ ಕಿರುಕುಳವನ್ನು ತಡೆಯಲು ಯು.ಜಿ.ಸಿ. 2015ರಲ್ಲಿ ಹೊರಡಿಸಿದ ನಿಯಮಾವಳಿಯು ಕ್ಯಾಂಪಸ್ ಎಂದರೆ ಏನೆಂಬುದನ್ನು ಸ್ಪಷ್ಟವಾಗಿ ಬಿಡಿಸಿ ಹೇಳಿದೆ. ಕಾಲೇಜಿನ ಕಟ್ಟಡ ಮತ್ತು ಹಾಸ್ಟೆಲ್ ಮಾತ್ರವಲ್ಲ, ವಿದ್ಯಾರ್ಥಿಯಾಗಿ ಆಕೆ ಹೋಗುವ ಇಂಟರ್ನ್‌ಶಿಪ್, ಅಧ್ಯಯನ ಪ್ರವಾಸ, ಅಲ್ಪಾವಧಿಯ ನಿಯೋಜನೆಯ ಸ್ಥಳಗಳು ಮತ್ತು ಕಾಲೇಜು ಒದಗಿಸುವ ವಾಹನ ಕೂಡ ಕ್ಯಾಂಪಸ್ಸೇ. ಅಂದರೆ ಆಸ್ಪತ್ರೆಯ ವಾರ್ಡಿನಲ್ಲಿ, ರೆಸಾರ್ಟಿನ ಅಡುಗೆಮನೆಯಲ್ಲಿ ಅವಳಿಗೆ ಕಿರುಕುಳವಾದರೆ ಅದು ಕಾಲೇಜಿನೊಳಗೆ ಆದಂತೆಯೇ. ಕಾಲೇಜಿನ ಆಂತರಿಕ ದೂರು ಸಮಿತಿ ಅದನ್ನು ಕೇಳಲೇಬೇಕು. ಇತ್ತ ಕೆಲಸ ಕೊಟ್ಟವನೂ ತಪ್ಪಿಸಿಕೊಳ್ಳುವಂತಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ರಕ್ಷಣೆಗಾಗಿ 2013ರಲ್ಲಿ ಬಂದ ಕಾಯ್ದೆಯು ತರಬೇತಿಯಲ್ಲಿರುವವಳನ್ನೂ ಅಪ್ರೆಂಟಿಸ್‌ಳನ್ನೂ ನೌಕರಳೆಂದೇ ಪರಿಗಣಿಸುತ್ತದೆ. ಹತ್ತಕ್ಕಿಂತ ಕಡಿಮೆ ನೌಕರರಿರುವ ಸಣ್ಣ ಜಾಗವಾದರೆ ಜಿಲ್ಲಾ ಮಟ್ಟದ ಸ್ಥಳೀಯ ದೂರು ಸಮಿತಿಗೆ ಹೋಗಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ದೂರು ಕೊಡಬೇಕೆಂಬುದನ್ನು ಮಾತ್ರ ಮರೆಯಬಾರದು. ಕಾನೂನು ಎರಡೂ ದಂಡೆಗಳಲ್ಲಿ ಇದೆ. ಇಲ್ಲದಿರುವುದು ಅದನ್ನು ಮಕ್ಕಳಿಗೆ ಓದಿ ಹೇಳುವ ಮನಸ್ಸು.

ಎರಡನೆಯ ಸಬೂಬು ಇನ್ನೂ ಹಳೆಯದು: ನಾವೂ ಹೀಗೆಯೇ ಕಷ್ಟಪಟ್ಟು ಕಲಿತವರು, ಇಂದಿನ ಮಕ್ಕಳಿಗೆ ಸಹನೆಯಿಲ್ಲ. ಇದಕ್ಕೆ ಉತ್ತರವಾಗಿ ನಾವು ಭಾವುಕರಾಗಬೇಕಿಲ್ಲ; ಲೆಕ್ಕ ಕೊಟ್ಟರೆ ಸಾಕು. ರಾಷ್ಟ್ರೀಯ ವೈದ್ಯಕೀಯ ಆಯೋಗ ನೇಮಿಸಿದ ಕಾರ್ಯಪಡೆ 2024ರಲ್ಲಿ ವರದಿ ನೀಡಿತು. ಅದರ ಸಮೀಕ್ಷೆಗೆ ಉತ್ತರಿಸಿದ ಪದವಿ ವಿದ್ಯಾರ್ಥಿಗಳ ಸಂಖ್ಯೆ 25 ಸಾವಿರಕ್ಕೂ ಹೆಚ್ಚು. ಅವರಲ್ಲಿ ಶೇ. 27.8ರಷ್ಟು ಮಂದಿ ಮಾನಸಿಕ ಆರೋಗ್ಯದ ತೊಂದರೆಯಿದೆ ಎಂದರು. ಸ್ನಾತಕೋತ್ತರ ವಿದ್ಯಾರ್ಥಿಗಳನ್ನು ವಾರಕ್ಕೆ 74 ಗಂಟೆಗಿಂತ ಹೆಚ್ಚು ದುಡಿಸಬಾರದು, ವಾರಕ್ಕೊಂದು ರಜೆ ಕೊಡಬೇಕು ಎಂದು ಕಾರ್ಯಪಡೆ ಸಲಹೆ ಮಾಡಿತು. 74 ಗಂಟೆ ಎಂಬುದನ್ನು ಮಿತಿಯೆಂದು ಸೂಚಿಸಬೇಕಾಗಿ ಬಂದಿತೆಂದರೆ, ಮಿತಿಯಿಲ್ಲದ ಕಡೆ ಎಷ್ಟು ದುಡಿಸುತ್ತಿರಬೇಕು! ಅದೇ ವರ್ಷದ ಆಗಸ್ಟ್ 9ರಂದು ಕೊಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ದೀರ್ಘ ಪಾಳಿಯ ನಡುವೆ ವಿಶ್ರಾಂತಿಗೆಂದು ಸೆಮಿನಾರ್ ಕೊಠಡಿಗೆ ಹೋದ ತರಬೇತಿ ವೈದ್ಯೆಯೊಬ್ಬರ ಅತ್ಯಾಚಾರ ಮತ್ತು ಕೊಲೆಯಾಯಿತು. ದೊಡ್ಡ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಕಲಿಯುತ್ತ ದುಡಿಯುವವರಿಗೆ ಬಾಗಿಲು ಹಾಕಿಕೊಂಡು ಮಲಗಲು ಒಂದು ಸುರಕ್ಷಿತ ಕೋಣೆಯಿರಲಿಲ್ಲ ಎಂಬ ಸತ್ಯ ಹೊರಬರಲು ಒಂದು ಜೀವ ಹೋಗಬೇಕಾಯಿತು. ಅಪರಾಧ ದಾಖಲೆಗಳ ರಾಷ್ಟ್ರೀಯ ಬ್ಯೂರೋ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ಪ್ರತಿ ಸಾವಿಗೂ ಅದರದೇ ಕಾರಣವಿದ್ದೀತು. ಎಲ್ಲವನ್ನೂ ತರಬೇತಿಯ ತಲೆಗೆ ಕಟ್ಟುವುದು ಪ್ರಾಮಾಣಿಕತೆಯಲ್ಲ. ಆದರೆ ಇಷ್ಟು ಮಕ್ಕಳನ್ನು ಕಳೆದುಕೊಂಡ ಮೇಲೂ ಸಹನೆಯ ಪಾಠ ಹೇಳುವುದು ಮನುಷ್ಯತ್ವವಲ್ಲ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ನೀಡಿದ ಮಾರ್ಗಸೂಚಿಯ ಪ್ರಕಾರ ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಶಿಕ್ಷಣ ಸಂಸ್ಥೆಯೂ ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕರನ್ನು ನೇಮಿಸಬೇಕು. ತಮ್ಮ ಮಗಳ ಕಾಲೇಜಿನಲ್ಲಿ ಆ ವ್ಯಕ್ತಿ ಯಾರು, ತರಬೇತಿಯ ತಿಂಗಳುಗಳಲ್ಲಿ ಅವರು ಅವಳಿಗೆ ಸಿಗುತ್ತಾರೆಯೇ ಎಂದು ಎಷ್ಟು ಪೋಷಕರು ವಿಚಾರಿಸಿದ್ದಾರೆ?

ಇನ್ನು ನಮ್ಮ ಸಮುದಾಯದ ಕಡೆಗೆ ತಿರುಗೋಣ. ಇಂತಹ ಸುದ್ದಿ ಕಿವಿಗೆ ಬಿದ್ದೊಡನೆ ನಮ್ಮ ಮನೆಗಳಲ್ಲಿ ಎರಡೇ ಮಾತುಗಳು ಕೇಳಿಬರುತ್ತವೆ. ಸಾಕು, ಮನೆಗೆ ಬಾ ಎಂಬುದು ಒಂದು. ಸಹಿಸಿಕೋ, ಯಾರಿಗೂ ಹೇಳಬೇಡ, ಮದುವೆಯಾಗಬೇಕಾದ ಹುಡುಗಿ ಎಂಬುದು ಇನ್ನೊಂದು. 2025ರ ಮಾರ್ಚ್ 6ರ ರಾತ್ರಿ ಗಂಗಾವತಿ ತಾಲೂಕಿನ ಸಾಣಾಪುರದ ಕಾಲುವೆ ಬಳಿ ಇಬ್ಬರು ಮಹಿಳೆಯರ ಮೇಲೆ ನಡೆದ ಅತ್ಯಾಚಾರ, ನೀರಿಗೆ ತಳ್ಳಲ್ಪಟ್ಟ ಪ್ರವಾಸಿಗನೊಬ್ಬನ ಸಾವು ಈ ಭಾಗದ ತಂದೆ ತಾಯಂದಿರ ನಿದ್ದೆ ಕೆಡಿಸಿದ್ದು ಸಹಜ. ಆ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಭಯಕ್ಕೆ ಮಗಳ ಓದನ್ನೇ ಬಲಿಕೊಡುವುದು ಯಾವ ನ್ಯಾಯ? ತಪ್ಪು ಮಾಡಿದವನು ಕೆಲಸದಲ್ಲಿ ಉಳಿಯುತ್ತಾನೆ, ಕಾಲೇಜಿನ ಹೆಸರು ಉಳಿಯುತ್ತದೆ, ಕಳೆದುಕೊಳ್ಳುವವಳು ಅವಳೊಬ್ಬಳೇ. ಮೌನವಾಗಿ ಮಗಳನ್ನು ಹಿಂದಕ್ಕೆ ಕರೆದುಕೊಳ್ಳುವ ತಂದೆ ತನಗರಿಯದೆಯೇ ಕಾಲೇಜಿನ ತಪ್ಪಿಗೆ ಪರದೆ ಎಳೆಯುತ್ತಾನೆ. ಮುಂದಿನ ವರ್ಷ ಅದೇ ವಾರ್ಡಿಗೆ, ಅದೇ ಮೇಲ್ವಿಚಾರಕನ ಕೈಕೆಳಗೆ ಇನ್ನೊಬ್ಬರ ಮಗಳು ಹೋಗುತ್ತಾಳೆ.

ನಮ್ಮ ಸಮುದಾಯಕ್ಕೆ ಹೀಗೆ ಕಳೆದುಕೊಳ್ಳಲು ಉಳಿದಿರುವುದಾದರೂ ಎಷ್ಟು? ಪ್ರತಿಷ್ಠಿತ ಕಾಲೇಜುಗಳಲ್ಲಿ ಇಪ್ಪತ್ತೈದು ಪದವಿ ವಿದ್ಯಾರ್ಥಿಗಳಿಗೆ ಒಬ್ಬ ಮುಸ್ಲಿಮನೆಂದು 2006ರಲ್ಲಿ ಸಾಚಾರ್ ಸಮಿತಿ ಬರೆದಿತ್ತು. ಉನ್ನತ ಶಿಕ್ಷಣದ ಅಖಿಲ ಭಾರತ ಸಮೀಕ್ಷೆಯ ಪ್ರಕಾರ 2019-20ರಲ್ಲಿ 21 ಲಕ್ಷದಷ್ಟಿದ್ದ ಮುಸ್ಲಿಮ್ ವಿದ್ಯಾರ್ಥಿಗಳ ಸಂಖ್ಯೆ 2020-21ರಲ್ಲಿ 19.21 ಲಕ್ಷಕ್ಕೆ ಕುಸಿಯಿತು. 2022ರ ಹಿಜಾಬ್ ವಿವಾದದಲ್ಲಿ ನಮ್ಮ ರಾಜ್ಯದ ಹೆಣ್ಣುಮಕ್ಕಳು ತರಗತಿಯ ಬಾಗಿಲಲ್ಲಿ ನಿಂತು ಕಂಡ ದಿನಗಳನ್ನು ಮತ್ತೆ ವಿವರಿಸಬೇಕಿಲ್ಲ. ಇಷ್ಟೆಲ್ಲವನ್ನು ದಾಟಿ ಕೊನೆಯ ವರ್ಷಕ್ಕೆ ಬಂದವಳನ್ನು ತರಬೇತಿಯ ಹೊಸ್ತಿಲಲ್ಲಿ ಹಿಂದಕ್ಕೆ ಎಳೆದರೆ, ಬೇರೆ ಯಾರೂ ಮಾಡಲಾಗದ ಕೆಲಸವನ್ನು ನಾವೇ ಮಾಡಿ ಮುಗಿಸಿದಂತಾಗುತ್ತದೆ.

ಹೆಣ್ಣುಮಕ್ಕಳನ್ನು ಹೊರಗೆ ಕಳುಹಿಸಿದ್ದೇ ತಪ್ಪು ಎನ್ನುವವರು ಪವಿತ್ರ ಕುರ್‌ಆನಿನ ಅಲ್‌ಕಸಸ್ ಅಧ್ಯಾಯವನ್ನು ಒಮ್ಮೆ ಬಿಡಿಸಿ ನೋಡಲಿ. ಮೂಸಾ(ಅ) ಮದ್‌ಯನ್‌ನ ನೀರಿನ ತಾಣಕ್ಕೆ ಬಂದಾಗ ಇಬ್ಬರು ಯುವತಿಯರು ತಮ್ಮ ಕುರಿಗಳನ್ನು ತಡೆದು ದೂರ ನಿಂತಿದ್ದರು. ತಂದೆ ವೃದ್ಧರಾಗಿದ್ದುದರಿಂದ ಅವರು ದುಡಿಯಲು ಬಂದಿದ್ದರು. ಕುರುಬರು ಹೋಗುವ ತನಕ ಅವರ ಸರದಿ ಬರುತ್ತಿರಲಿಲ್ಲ. ಮೂಸಾ(ಅ) ಅವರಿಗೆ ಮನೆಗೆ ಹೋಗಿರೆಂದು ಉಪದೇಶಿಸಲಿಲ್ಲ. ಅವರ ಕಷ್ಟವೇನೆಂದು ಕೇಳಿದರು, ಅವರ ಕುರಿಗಳಿಗೆ ನೀರುಣಿಸಿದರು. ತಪ್ಪಿದ್ದದ್ದು ದಾರಿ ಬಿಡದವರಲ್ಲಿ, ದುಡಿಯಲು ಬಂದವರಲ್ಲಲ್ಲ. ಮುಂದೆ ಅದೇ ಮನೆಯಲ್ಲಿ ಮೂಸಾ(ಅ) ಕೆಲಸಕ್ಕೆ ನಿಂತಾಗ ಆ ವೃದ್ಧರು ಅವಧಿಯನ್ನು ಮೊದಲೇ ತಿಳಿಸಿದರು: ಎಂಟು ವರ್ಷ ಕಡ್ಡಾಯ, ಮೇಲಿನ ಎರಡು ವರ್ಷ ದುಡಿಯುವವನ ಇಚ್ಛೆ. ಕಷ್ಟ ಕೊಡುವ ಉದ್ದೇಶ ತಮಗಿಲ್ಲವೆಂಬ ಭರವಸೆಯನ್ನೂ ನೀಡಿದರು. ಸಾವಿರಾರು ವರ್ಷಗಳ ಹಿಂದಿನ ಕುರಿಗಾಹಿಯ ಕೆಲಸಕ್ಕಿದ್ದ ಈ ಸ್ಪಷ್ಟತೆ ಇಂದಿನ ಕಾಲೇಜುಗಳ ತರಬೇತಿ ಪತ್ರದಲ್ಲಿ ಎಷ್ಟರ ಮಟ್ಟಿಗಿದೆ? ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವೇ ಸಾಲದ ವ್ಯವಹಾರವನ್ನು ಸಾಕ್ಷಿಗಳ ಸಮಕ್ಷಮದಲ್ಲಿ ಬರೆದಿಡುವುದರ ಕುರಿತಾಗಿರುವಾಗ, ಮಗಳ ಆರು ತಿಂಗಳನ್ನು ಬಾಯಿಮಾತಿನ ಮೇಲೆ ಒಪ್ಪಿಸಿಬಿಡುವುದು ಯಾವ ವಿವೇಕ? ಮದೀನಾದಲ್ಲಿ ಗಾಯಾಳುಗಳ ಆರೈಕೆಗೆ ಡೇರೆ ಹಾಕಿದ ರುಫೈದಾ(ರ)ರ ಹೆಸರನ್ನು ನಾವು ಭಾಷಣಗಳಲ್ಲಿ ಅಭಿಮಾನದಿಂದ ಹೇಳುತ್ತೇವೆ. ನರ್ಸಿಂಗ್ ಓದುವ ನಮ್ಮ ಹುಡುಗಿಗೆ ರಾತ್ರಿ ಪಾಳಿ ಮುಗಿದ ಮೇಲೆ ಮನೆಗೆ ಬರಲು ವಾಹನವಿದೆಯೇ ಎಂದು ಮಾತ್ರ ಕೇಳುವುದಿಲ್ಲ.

ಕನ್ನಡಿಯನ್ನು ಇನ್ನಷ್ಟು ಹತ್ತಿರ ಹಿಡಿಯೋಣ. ತರಬೇತಿಯ ವಿದ್ಯಾರ್ಥಿಗಳನ್ನು ಪುಕ್ಕಟೆ ದುಡಿಸುವವರಲ್ಲಿ ನಮ್ಮವರೇ ನಡೆಸುವ ಶಾಲೆಗಳು, ನರ್ಸಿಂಗ್ ಹೋಮ್‌ಗಳು, ಕಂಪ್ಯೂಟರ್ ಕೇಂದ್ರಗಳು ಇಲ್ಲವೇ? ಬಿ.ಎಡ್. ತರಬೇತಿಯವರು ಬಂದ ತಿಂಗಳಲ್ಲಿ ಸಂಬಳದ ಶಿಕ್ಷಕಿಯನ್ನು ಬಿಡಿಸಿ, ಅವಳ ಎಲ್ಲ ತರಗತಿಗಳನ್ನೂ ತರಬೇತಿಯವಳ ಹೆಗಲಿಗೆ ಹಾಕುವ ಆಡಳಿತ ಮಂಡಳಿಗಳು ನಮ್ಮ ನಡುವೆ ಇಲ್ಲವೆಂದು ಎದೆ ಮುಟ್ಟಿ ಹೇಳಲಾದೀತೇ? ಅಂಥವರು ರಮಝಾನಿನಲ್ಲಿ ಝಕಾತ್ ಹಂಚಿ ಪುಣ್ಯ ಗಳಿಸಿದೆವೆಂದುಕೊಳ್ಳುತ್ತಾರೆ. ದುಡಿದವನ ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂದು ಪ್ರವಾದಿ(ಸ)ರು ಕಲಿಸಿದ್ದು ಶಿಷ್ಯವೇತನಕ್ಕೆ ಅನ್ವಯವಾಗುವುದಿಲ್ಲವೆಂದು ಇವರಿಗೆ ಫತ್ವಾ ಕೊಟ್ಟವರು ಯಾರು? ಬಾಲಕರಾಗಿದ್ದಾಗಲೇ ಪ್ರವಾದಿ(ಸ)ರ ಸೇವೆಗೆ ಬಂದ ಅನಸ್(ರ) ಹತ್ತು ವರ್ಷಗಳಲ್ಲಿ ಒಮ್ಮೆಯೂ ತಮ್ಮನ್ನು ಅವರು ಗದರಿ ತುಚ್ಛವಾಗಿ ಕಾಣಲಿಲ್ಲವೆಂದು ನೆನೆದರು. ಕಿರಿಯರನ್ನು ಕೈಕೆಳಗೆ ಇಟ್ಟುಕೊಂಡಿರುವ ಪ್ರತಿಯೊಬ್ಬ ಮುಸ್ಲಿಮ್ ವೈದ್ಯ, ಮುಖ್ಯೋಪಾಧ್ಯಾಯ, ಅಂಗಡಿಯ ಧಣಿ ತನ್ನನ್ನು ಅಳೆದುಕೊಳ್ಳಬೇಕಾದ ಅಳತೆಗೋಲು ಇದು. ನಮ್ಮ ಸಂಸ್ಥೆಗಳು ಮೊದಲು ಸರಿಯಾಗದೆ ಅನ್ಯರ ಸಂಸ್ಥೆಗಳತ್ತ ಬೆರಳು ತೋರಿಸುವ ನೈತಿಕ ಹಕ್ಕು ನಮಗಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಮನೆಗೆ ಬಾ, ಸಹಿಸಿಕೋ ಎಂಬ ಎರಡು ಮಾತುಗಳ ಬದಲಿಗೆ ಮೂರನೆಯದೊಂದನ್ನು ನಾವು ಕಲಿಯಬೇಕು: ಲಿಖಿತವಾಗಿ ಕೊಡಿ. ಮಗಳನ್ನಾಗಲಿ ಮಗನನ್ನಾಗಲಿ ತರಬೇತಿಗೆ ಕಳುಹಿಸುವ ಮೊದಲು ಪೋಷಕರು ಪ್ರಾಂಶುಪಾಲರನ್ನು ಕಂಡು ಕೇಳಲಿ. ಆ ಆಸ್ಪತ್ರೆಗೆ, ಕಾರ್ಖಾನೆಗೆ, ಹೋಟೆಲಿಗೆ ಪರವಾನಗಿಯಿದೆಯೇ? ಗಡ್ಡೆಯ ರೆಸಾರ್ಟ್‌ಗಳ ಕಥೆ ಬಲ್ಲ ನಾವು ಈ ಪ್ರಶ್ನೆಯನ್ನು ಮರೆಯುವಂತಿಲ್ಲ. ದಿನಕ್ಕೆ ಎಷ್ಟು ಗಂಟೆ, ವಾರಕ್ಕೆ ಎಷ್ಟು ದಿನ? ರಾತ್ರಿ ಪಾಳಿಯಿದ್ದರೆ ಹೋಗಿಬರುವ ವ್ಯವಸ್ಥೆ ಯಾರದು, ವಿಶ್ರಾಂತಿಗೆ ಬಾಗಿಲಿರುವ ಕೋಣೆ ಎಲ್ಲಿದೆ? ಶಿಷ್ಯವೇತನ ಎಷ್ಟು, ಯಾರು ಯಾವಾಗ ಕೊಡುತ್ತಾರೆ? ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದು? ನಮಾಝ್‌ಗೆ ಬಿಡುವು, ತಲೆವಸ್ತ್ರದ ವಿಷಯದಲ್ಲಿ ಅಲ್ಲಿನ ನಿಯಮವೇನು? ಕಾಲೇಜಿನಿಂದ ವಾರಕ್ಕೊಮ್ಮೆಯಾದರೂ ಹೋಗಿ ನೋಡುವ ಅಧ್ಯಾಪಕರು ಯಾರು? ಆಂತರಿಕ ದೂರು ಸಮಿತಿಯ ಸದಸ್ಯರ ಹೆಸರು, ಫೋನ್ ಸಂಖ್ಯೆ ಯಾವುದು? ತೊಂದರೆಯಾದರೆ ವರ್ಷ ಕಳೆದುಕೊಳ್ಳದೆ ಬೇರೆ ಸ್ಥಳಕ್ಕೆ ಬದಲಾಯಿಸಿಕೊಡುತ್ತಾರೆಯೇ? ಇವೆಲ್ಲಕ್ಕಿಂತ ಮುಖ್ಯವಾಗಿ, ಅಂಕ ಮತ್ತು ಪ್ರಮಾಣಪತ್ರ ಒಬ್ಬನೇ ಮೇಲ್ವಿಚಾರಕನ ಸಹಿಯನ್ನು ಅವಲಂಬಿಸಿವೆಯೇ? ಈ ಕೊನೆಯ ಗಂಟು ಬಿಚ್ಚಬೇಕಾದವರು ವಿಶ್ವವಿದ್ಯಾಲಯಗಳು ಮತ್ತು ಸರ್ಕಾರ. ಎಲ್ಲಿಯತನಕ ಒಂದೇ ಕೈ ದುಡಿಸಿಕೊಳ್ಳುವುದೂ ಅಂಕ ಕೊಡುವುದೂ ಆಗಿರುತ್ತದೆಯೋ ಅಲ್ಲಿಯತನಕ ದೂರು ಪೆಟ್ಟಿಗೆಗಳು ಖಾಲಿಯಾಗಿಯೇ ಇರುತ್ತವೆ. ದೂರಿಲ್ಲವೆಂದು ಕಾಲೇಜುಗಳು ಹೆಮ್ಮೆಪಡುತ್ತವೆ.

ಒಬ್ಬ ಆಟೋ ಚಾಲಕನೋ ಹಣ್ಣಿನ ವ್ಯಾಪಾರಿಯೋ ಒಂಟಿಯಾಗಿ ಹೋಗಿ ಪ್ರಾಂಶುಪಾಲರ ಮುಂದೆ ನಿಂತು ಇಷ್ಟು ಪ್ರಶ್ನೆ ಕೇಳುವುದು ಕಷ್ಟವೆಂದು ನಮಗೆ ಗೊತ್ತು. ಅಂಜುಮನ್‌ಗಳು, ಮಸೀದಿ ಕಮಿಟಿಗಳು ಇರುವುದು ಮತ್ತೇಕೆ? ಊರಿನ ವಕೀಲರು, ನಿವೃತ್ತ ಶಿಕ್ಷಕಿಯರು, ನರ್ಸ್‌ಗಳು ಸೇರಿ ನಾಲ್ಕೈದು ಮಂದಿಯ ಒಂದು ಸಮಿತಿಯಾಗಲಿ. ಅದರಲ್ಲಿ ಹೆಚ್ಚಿನವರು ಮಹಿಳೆಯರೇ ಇರಲಿ. ಮಗಳು ಬಾಯಿಬಿಟ್ಟು ಹೇಳಬಹುದಾದ ಒಂದು ಜಾಗ ಊರಿನಲ್ಲಿರಲಿ. ಜುಮಾ ಖುತ್ಬಾದಲ್ಲಿ ಮದ್‌ಯನ್‌ನ ಆ ಯುವತಿಯರ ಕಥೆಯನ್ನು ಪೂರ್ತಿಯಾಗಿ ಹೇಳಲಿ. ಮನಸ್ಸಿನ ನೋವಿಗೆ ವೈದ್ಯರ ಬಳಿ ಹೋಗುವುದು ಈಮಾನಿನ ಕೊರತೆಯಲ್ಲವೆಂದು ಮಿಂಬರಿನ ಮೇಲಿಂದಲೇ ಸ್ಪಷ್ಟಪಡಿಸಲಿ. ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಈ ಸಂಖ್ಯೆ ಪ್ರತಿಯೊಂದು ಮನೆಯ ಗೋಡೆಯ ಮೇಲೂ ಇರಲಿ.

ಮಕ್ಕಳು ನಮ್ಮ ಕೈಗೆ ಅಲ್ಲಾಹನು ಒಪ್ಪಿಸಿದ ಅಮಾನತ್. ಶುಲ್ಕ ಕಟ್ಟಿಸಿಕೊಂಡ ದಿನದಿಂದ ಪದವಿ ಕೊಡುವ ದಿನದವರೆಗೆ ಆ ಅಮಾನತ್ತಿನಲ್ಲಿ ಕಾಲೇಜಿಗೂ ಪಾಲಿದೆ. ತರಬೇತಿಯ ತಿಂಗಳುಗಳಿಗೆ ಅದರಿಂದ ವಿನಾಯಿತಿಯಿಲ್ಲ. ಈ ಮಾತನ್ನು ಕಾಲೇಜುಗಳಿಗೆ ನೆನಪಿಸುವ ಧೈರ್ಯ ನಮಗೆ ಬಂದ ದಿನ ನಮ್ಮ ಹೆಣ್ಣುಮಕ್ಕಳು ಅರ್ಧದಾರಿಯಿಂದ ಹಿಂದಿರುಗುವುದು ನಿಲ್ಲುತ್ತದೆ. ಈ ಸೆಮಿಸ್ಟರ್‌ನಲ್ಲಿ ತರಬೇತಿಗೆ ಹೊರಟಿರುವ ಮಗಳಿರುವ ಪ್ರತಿಯೊಂದು ಮನೆಯೂ ಮೇಲಿನ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಕಾಲೇಜಿಗೆ ಹೋಗಲಿ, ಉತ್ತರವನ್ನು ಸಹಿಯೊಂದಿಗೆ ಪಡೆದು ಬರಲಿ.